ಇಲ್ಲದ ಊರಿಗೆ ದಾರಿ ಯಾವುದು?

ಗಣಿತದ ನೋಟ್‌ಬುಕ್ಕನ್ನು ಹಿಂದಿನಿಂದ ತೆರೆದು ನೋಡಿದ ಪಾಲಕರಿಗೆ ನಾನು ಹೇಳಹೊರಟಿರುವುದು ಬೇಗ ಅರ್ಥವಾದೀತು. ಮುಂದಿನ ಪುಟಗಳಲ್ಲಿ ಲಸಾಅ, ಮಸಾಅ, ಮೇಷ್ಟರ ಸಹಿ. ಹಿಂದಿನ ಪುಟಗಳಲ್ಲಿ ಒಂದು ದ್ವೀಪ. ದ್ವೀಪದ ನಡುವೆ ಬೆಟ್ಟ, ಬೆಟ್ಟದ ಮೇಲೆ ಕೋಟೆ, ಕೋಟೆಯ ರಾಜನಿಗೆ ಮೂವರು ಮಕ್ಕಳು, ಆ ಮಕ್ಕಳಿಗೊಂದು ಗುಟ್ಟಿನ ಲಿಪಿ. ನಕ್ಷೆಯ ಮೂಲೆಯಲ್ಲಿ ಬಾಣದ ಗುರುತು ಹಾಕಿ ಉತ್ತರ ದಿಕ್ಕನ್ನೂ ತೋರಿಸಿರುತ್ತದೆ. ಇದು ಕಣ್ಣಿಗೆ ಬಿದ್ದ ದಿನ ಮನೆಯಲ್ಲಿ ನಡೆಯುವ ಮಾತುಕತೆಯನ್ನು ಇಲ್ಲಿ ಬರೆಯಬೇಕಾಗಿಲ್ಲ. ‘ಓದೋದು ಬಿಟ್ಟು ಇದೇನು ಗೀಚ್ತಾ ಕೂತಿದ್ದೀಯ?’ ಎಂಬಲ್ಲಿಂದ ಶುರುವಾಗಿ ಅದು ಪಕ್ಕದ ಮನೆಯ ಹುಡುಗನ ಅಂಕಗಳವರೆಗೂ ಹೋಗುತ್ತದೆ.

ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾ ಇಂಥ ಹಿಂದಿನ ಪುಟಗಳನ್ನು ನಾನು ಬಹಳ ಕಂಡಿದ್ದೇನೆ. ಅವು ಕಾಲಹರಣವೆಂದು ನನಗೆ ಅನ್ನಿಸಿಲ್ಲ. ಒಂದು ಊರನ್ನೋ ಗ್ರಹವನ್ನೋ ಮನಸ್ಸಿನಲ್ಲೇ ಕಟ್ಟಬೇಕಾದರೆ ನೀರು ಎಲ್ಲಿಂದ ಬರುತ್ತದೆ, ಜನ ಏನು ತಿನ್ನುತ್ತಾರೆ, ಗಾಳಿ ಯಾವ ಕಡೆಗೆ ಬೀಸುತ್ತದೆ ಎಂಬುದೆಲ್ಲ ಒಂದಕ್ಕೊಂದು ತಾಳೆಯಾಗಬೇಕು. ಪಠ್ಯಪುಸ್ತಕದ ಹತ್ತು ಅಧ್ಯಾಯಗಳು ಅಲ್ಲಿ ಒಟ್ಟಿಗೆ ಸೇರುತ್ತವೆ. ನನಗಿರುವ ಚಿಂತೆ ಬೇರೆ. ಮಗು ಅದನ್ನು ಧೈರ್ಯ ಮಾಡಿ ನಮ್ಮ ಕೈಗೆ ಕೊಟ್ಟಾಗ ನಾವು ಏನು ಹೇಳುತ್ತೇವೆ? ‘ಚೆನ್ನಾಗಿದೆ’ ಎಂದು ಹಿಂದಿರುಗಿಸುವವರು ಕೆಲವರು. ಕೂಡಲೇ ತಪ್ಪು ಹುಡುಕುವವರು ಕೆಲವರು. ಬರೆದವರಿಗೆ ಎರಡರಿಂದಲೂ ಉಪಯೋಗವಿಲ್ಲ. ನಾನು ಎರಡನೆಯ ಗುಂಪಿನವನಾಗಿದ್ದೆ.

ಕೆಲವು ವರ್ಷಗಳ ಹಿಂದೆ ಶಾಲೆಯ ವಿಜ್ಞಾನ ಸಂಘದಿಂದ ಗೋಡೆಪತ್ರಿಕೆ ತರುತ್ತಿದ್ದೆವು. ಒಂಬತ್ತನೆಯ ತರಗತಿಯವರಿಗೆ ‘ನಾನು ಕಂಡುಹಿಡಿದ ಗ್ರಹ’ ಎಂಬ ವಿಷಯ ಕೊಟ್ಟು, ಎರಡು ಪುಟ ಸಾಕು ಎಂದಿದ್ದೆ. ಹೆಚ್ಚಿನವರು ಮಂಗಳಗ್ರಹಕ್ಕೇ ಬೇರೆ ಹೆಸರಿಟ್ಟು ಒಂದೂವರೆ ಪುಟ ತಂದರು. ಒಬ್ಬಳು ಹುಡುಗಿ ಮಾತ್ರ ನಲವತ್ತು ಪುಟದ ನೋಟ್‌ಬುಕ್ಕನ್ನು ಪೂರ್ತಿ ತುಂಬಿಸಿಕೊಂಡು ಬಂದಳು. ಅವಳ ನಾಡಿನ ಹೆಸರು ಸಂಜೆಸೀಮೆ.

ಮೊದಲ ಪುಟದಲ್ಲೇ ಹದಿನಾಲ್ಕು ರಾಜರ ಪಟ್ಟಿ. ಆಮೇಲೆ ಅವರ ಯುದ್ಧಗಳು, ಹಬ್ಬಗಳು, ಹಕ್ಕಿಗಳು, ಸಂತೆಯಲ್ಲಿ ಯಾವ ಸಾಮಾನಿಗೆ ಎಷ್ಟು ಬೆಲೆ, ಅಲ್ಲಿಯವರು ಮಾಡುವ ಐದು ಬಗೆಯ ಚಟ್ನಿ. ಎಲ್ಲ ತಲೆಬರಹಗಳ ಕೆಳಗೂ ಒಂದೇ ರೀತಿ ಎರಡೆರಡು ಕೆಂಪು ಗೆರೆ. ಹೀಗಾಗಿ ಮಹಾಯುದ್ಧಕ್ಕೂ ಚಟ್ನಿಗೂ ಒಂದೇ ಅಂತಸ್ತು. ಆ ಜನ ದಿನಗಳನ್ನು ಎಣಿಸದೆ ‘ನಿದ್ದೆ’ಗಳನ್ನು ಎಣಿಸುತ್ತಿದ್ದರು, ಪಕ್ಕದೂರು ‘ಮೂರು ನಿದ್ದೆಯ ಹಾದಿ’. ಮನೆಗಳ ಬಾಗಿಲೆಲ್ಲ ಒಂದೇ ಕಡೆಗೆ. ಯಾಕೆ ಹಾಗೆಂದು ಓದುವವನಿಗೆ ಗೊತ್ತಾಗುವುದು ಮೂವತ್ತೊಂದನೆಯ ಪುಟದಲ್ಲಿ. ಅಲ್ಲೊಂದು ಅಜ್ಜಿಯ ಕಥೆ ಬರುತ್ತದೆ. ಸೂರ್ಯ ಮುಳುಗುತ್ತಾನಂತೆ ಎಂದು ಹಳೆಯ ಹಾಡೊಂದರಲ್ಲಿ ಕೇಳಿದ ಅಜ್ಜಿ, ಅದನ್ನು ಒಮ್ಮೆ ನೋಡಿಯೇ ಸಾಯಬೇಕೆಂದು ಬುತ್ತಿ ಕಟ್ಟಿಕೊಂಡು ಹೊರಡುತ್ತಾಳೆ. ಆಗ ತಿಳಿಯುತ್ತದೆ: ಈ ಗ್ರಹ ತನ್ನ ಸೂರ್ಯನಿಗೆ ಸದಾ ಒಂದೇ ಮುಖ ತೋರಿಸುತ್ತಾ ಸುತ್ತುತ್ತಿದೆ, ಚಂದ್ರ ನಮಗೆ ತೋರಿಸುವ ಹಾಗೆ. ಒಂದು ಬದಿ ಸುಡುಬಿಸಿಲು, ಇನ್ನೊಂದು ಬದಿ ಮುಗಿಯದ ರಾತ್ರಿ. ಜನ ಇರುವುದು ನಡುವಿನ ಪಟ್ಟಿಯಲ್ಲಿ. ಅಲ್ಲಿ ಸೂರ್ಯ ಬೆಟ್ಟದ ನೆತ್ತಿಯಿಂದ ಒಂದು ಮುಷ್ಟಿ ಎತ್ತರದಲ್ಲಿ ಅಲ್ಲಾಡದೆ ನಿಂತಿದ್ದಾನೆ.

ಇಂಥ ಗ್ರಹ ಬರೀ ಕಲ್ಪನೆಯಲ್ಲ. 2016ರಲ್ಲಿ ಪತ್ತೆಯಾದ ಪ್ರಾಕ್ಸಿಮಾ ಸೆಂಟಾರಿ ಬಿ ತನ್ನ ನಕ್ಷತ್ರವನ್ನು ಸುಮಾರು 11 ದಿನಗಳಲ್ಲೇ ಸುತ್ತುತ್ತದೆ. ಅಷ್ಟು ಹತ್ತಿರವಿರುವ ಗ್ರಹದ ಒಂದೇ ಮುಖ ನಕ್ಷತ್ರದ ಕಡೆಗಿರುವ ಸಾಧ್ಯತೆ ಹೆಚ್ಚು ಎನ್ನುತ್ತಾರೆ ಖಗೋಳಜ್ಞರು. ಹುಡುಗಿಗೆ ಅದು ತಿಳಿದಿರಲಿಲ್ಲ. ಚಂದ್ರನ ಪಾಠದಿಂದ ತಾನೇ ಊಹಿಸಿದ್ದಳು.

ನಾನು ಮಾಡಿದ್ದೇನು? ಕೆಂಪು ಪೆನ್ನು ಹಿಡಿದೆ. ‘ಗಾಳಿ?’, ‘ನೀರು ಎಲ್ಲಿಂದ?’, ‘ನಕ್ಷೆಯಲ್ಲಿ ಉತ್ತರ ದಿಕ್ಕು ಎಲ್ಲಿ?’ ಅಜ್ಜಿ ನೂರಾ ಎಂಟು ನಿದ್ದೆ ನಡೆದಳು ಎಂದಿದ್ದ ಕಡೆ ‘ಸಾಧ್ಯವಿಲ್ಲ’. ಕೊನೆಗೆ, ‘ವಿಷಯ ಅಸ್ತವ್ಯಸ್ತವಾಗಿದೆ. 10ಕ್ಕೆ 6.’ ಅವಳು ನೋಡಿದಳು, ಚೀಲಕ್ಕೆ ಹಾಕಿಕೊಂಡಳು. ಮುಂದಿನ ತಿಂಗಳು ಗೋಡೆಪತ್ರಿಕೆಗೆ ಏನಾದರೂ ಬರೆಯಮ್ಮ ಎಂದರೆ, ‘ನನಗೆ ಬರೆಯೋಕೆ ಬರಲ್ಲ ಸಾರ್’ ಎಂದಳು. ಆ ವರ್ಷವೆಲ್ಲ ಒಂದಕ್ಷರ ಕೊಡಲಿಲ್ಲ.

‘ಅಸ್ತವ್ಯಸ್ತ’ ಎಂಬುದು ಸುಳ್ಳಲ್ಲ. ಆದರೆ ಡಾಕ್ಟರು ನಾಡಿ ಹಿಡಿದು ‘ನಿಮಗೆ ಆರೋಗ್ಯ ಸರಿಯಿಲ್ಲ’ ಎಂದಷ್ಟೇ ಹೇಳಿ ಕಳುಹಿಸಿದರೆ ಹೇಗಿರುತ್ತದೋ ಹಾಗೆ.

ಇನ್ನೊಬ್ಬ ವಿಜ್ಞಾನ ಮೇಷ್ಟ್ರು

ನನ್ನ ಕಣ್ಣು ತೆರೆಸಿದವರು ಅಮೆರಿಕದ ಇನ್ನೊಬ್ಬ ವಿಜ್ಞಾನ ಮೇಷ್ಟ್ರು. ಅವರ ಹೆಸರು ಹ್ಯಾರಿ ಸ್ಟಬ್ಸ್. ಕಥೆ ಬರೆಯುವಾಗ ಹಾಲ್ ಕ್ಲೆಮೆಂಟ್. ಎರಡನೆಯ ಮಹಾಯುದ್ಧದಲ್ಲಿ ಬಾಂಬರ್ ವಿಮಾನ ಹಾರಿಸಿ ಬಂದು, ಮ್ಯಾಸಚೂಸೆಟ್ಸ್‌ನ ಮಿಲ್ಟನ್ ಅಕಾಡೆಮಿಯಲ್ಲಿ ದಶಕಗಳ ಕಾಲ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಕಲಿಸಿದವರು. 1953ರಲ್ಲಿ ‘ಅಸ್ಟೌಂಡಿಂಗ್’ ಪತ್ರಿಕೆಯಲ್ಲಿ ಅವರ ‘ಮಿಷನ್ ಆಫ್ ಗ್ರಾವಿಟಿ’ ಧಾರಾವಾಹಿಯಾಗಿ ಬಂತು. ಅದರಲ್ಲಿ ಮೆಸ್ಕ್ಲಿನ್ ಎಂಬ ಗ್ರಹ. ಸುಮಾರು 18 ನಿಮಿಷಕ್ಕೊಮ್ಮೆ ತನ್ನ ಸುತ್ತ ತಾನೇ ತಿರುಗುವ, ದೋಸೆಯಂತೆ ಚಪ್ಪಟೆಯಾದ, ಮೀಥೇನ್ ಸಮುದ್ರಗಳಿರುವ ಗ್ರಹ. ಸಮಭಾಜಕದಲ್ಲಿ ಗುರುತ್ವ ನಮ್ಮದರ ಮೂರು ಪಟ್ಟು. ಧ್ರುವದಲ್ಲಿ ಸುಮಾರು 700 ಪಟ್ಟು. ಇಲ್ಲಿ 40 ಕಿಲೋ ತೂಗುವ ಹುಡುಗ ಅದರ ಸಮಭಾಜಕದಲ್ಲಿ 120 ಕಿಲೋ, ಧ್ರುವದಲ್ಲಿ 28 ಟನ್. ಸರಕು ತುಂಬಿದ ದೊಡ್ಡ ಲಾರಿಯಷ್ಟು.

ಇದು ಬರೀ ಬುರುಡೆಯಲ್ಲ. ನಮ್ಮ ಭೂಮಿಯಲ್ಲೂ ಸಮಭಾಜಕದಲ್ಲಿ ಗುರುತ್ವ ವೇಗೋತ್ಕರ್ಷ 9.78, ಧ್ರುವದಲ್ಲಿ 9.83. ತಿರುಗುವಿಕೆ ಮತ್ತು ಅದರಿಂದ ಬಂದ ಉಬ್ಬು ಇದಕ್ಕೆ ಕಾರಣ. ಭೂಮಿ ಈಗಿನದಕ್ಕಿಂತ 17 ಪಟ್ಟು ವೇಗವಾಗಿ ತಿರುಗಿದರೆ ಸಮಭಾಜಕದಲ್ಲಿ ನಿಂತವನಿಗೆ ತೂಕವೇ ಇರುವುದಿಲ್ಲ. ಕ್ಲೆಮೆಂಟ್ ಅದೇ ಪಾಠವನ್ನು ಎಳೆದು ಎಳೆದು ದೊಡ್ಡದು ಮಾಡಿದರು.

ನನಗೆ ಇಲ್ಲಿ ಮುಖ್ಯವಾಗಿ ಕಂಡದ್ದು ಅವರ ಲೆಕ್ಕಕ್ಕಿಂತ ಆ ಲೆಕ್ಕವನ್ನು ಅವರು ಇಟ್ಟ ಜಾಗ. ಕಥೆ ಶುರುವಾಗುವುದು ಬಿರುಗಾಳಿಯಲ್ಲಿ ಸಿಕ್ಕ ಒಬ್ಬ ಹಡಗಿನ ನಾಯಕನಿಂದ. ಅವನು ಒಂದೂಕಾಲು ಅಡಿ ಉದ್ದದ, ಜರಿಯಂಥ ಜೀವಿ. ಎತ್ತರವೆಂದರೆ ಅವನಿಗೆ ಪ್ರಾಣಭಯ, ಯಾಕೆಂದರೆ ಅವನೂರಿನಲ್ಲಿ ಅರ್ಧ ಅಡಿ ಮೇಲಿಂದ ಬಿದ್ದರೂ ಸಾವು. ಗ್ರಹದ ವಿಚಾರವೆಲ್ಲ ಅವನ ಭಯದ ಮೂಲಕವೇ ನಮಗೆ ತಿಳಿಯುತ್ತಾ ಹೋಗುತ್ತದೆ. ಗ್ರಹವನ್ನು ಹೇಗೆ ಕಟ್ಟಿದೆ, ಯಾವ ಲೆಕ್ಕ ಹಾಕಿದೆ ಎಂಬುದನ್ನು ಕ್ಲೆಮೆಂಟ್ ಅದೇ ವರ್ಷ ಜೂನ್ ಸಂಚಿಕೆಯಲ್ಲಿ ‘ವರ್ಲಿಗಿಗ್ ವರ್ಲ್ಡ್’ ಎಂಬ ಬೇರೆಯೇ ಲೇಖನವಾಗಿ ಬರೆದರು. ಬೇಕಾದವರು ಓದಲಿ, ಬೇಡದವರು ಬಿಡಲಿ. ಅಲ್ಲಿ ಅವರು ಇದನ್ನೊಂದು ಆಟವೆಂದೇ ಕರೆದಿದ್ದಾರೆ. ಲೇಖಕ ಆದಷ್ಟು ಕಡಿಮೆ ತಪ್ಪು ಮಾಡಬೇಕು, ಓದುಗ ಆದಷ್ಟು ಹೆಚ್ಚು ತಪ್ಪು ಹಿಡಿಯಬೇಕು, ಅಷ್ಟೇ ನಿಯಮ. ಮುಂದೆ ಎಂ.ಐ.ಟಿ.ಯ ವಿದ್ಯಾರ್ಥಿಗಳು ಲೆಕ್ಕ ಹಾಕಿ, ಗ್ರಹದ ಅಂಚು ಅವರು ಹೇಳಿದ್ದಕ್ಕಿಂತ ಚೂಪಾಗಿರಬೇಕು ಎಂದರು. ಮೇಷ್ಟ್ರು ಮುನಿಸಿಕೊಳ್ಳದೆ ಒಪ್ಪಿಕೊಂಡರು.

ತಪ್ಪು ಹಿಡಿಯುವುದು ಕೆಟ್ಟದ್ದಲ್ಲ ಎಂಬುದಕ್ಕೆ ಲ್ಯಾರಿ ನಿವೆನ್‌ನ ಕಥೆಯನ್ನೂ ಸೇರಿಸಬಹುದು. 1970ರ ಅವನ ‘ರಿಂಗ್‌ವರ್ಲ್ಡ್’ನಲ್ಲಿ ಒಂದು ನಕ್ಷತ್ರದ ಸುತ್ತ ಬಳೆಯಂತೆ ಕಟ್ಟಿದ ಪ್ರಪಂಚವಿದೆ. ಮೊದಲ ಮುದ್ರಣದ ಮೊದಲ ಅಧ್ಯಾಯದಲ್ಲೇ ಎಡವಟ್ಟು: ನಾಯಕ ತನ್ನ ಹುಟ್ಟುಹಬ್ಬದ ದಿನವನ್ನು ಉದ್ದ ಮಾಡಲು ಪೂರ್ವಕ್ಕೆ ಓಡುತ್ತಾನೆ. ಪಶ್ಚಿಮಕ್ಕೆ ಹೋಗಬೇಕಿತ್ತು! ಮರುಮುದ್ರಣದಲ್ಲಿ ತಿದ್ದಿದರು. 1971ರಲ್ಲಿ ಬಾಸ್ಟನ್‌ನಲ್ಲಿ ನಡೆದ ವಿಜ್ಞಾನಕಥೆಗಳ ಸಮ್ಮೇಳನದಲ್ಲಂತೂ ಎಂ.ಐ.ಟಿ. ಹುಡುಗರು, ಆ ಬಳೆ ಸ್ಥಿರವಾಗಿ ನಿಲ್ಲುವುದಿಲ್ಲ ಎಂದು ಹಜಾರದಲ್ಲಿ ಘೋಷಣೆ ಕೂಗಿದರು. ಸ್ವಲ್ಪ ಪಕ್ಕಕ್ಕೆ ಸರಿದರೆ ಸಾಕು, ಅದು ಜಾರುತ್ತಾ ಹೋಗಿ ನಕ್ಷತ್ರಕ್ಕೆ ಬಡಿಯುತ್ತದೆ. ನಿವೆನ್ ಎರಡನೆಯ ಕಾದಂಬರಿಯನ್ನೇ ಬರೆದು ಬಳೆಯ ಅಂಚಿಗೆ ಜೆಟ್ ಎಂಜಿನ್‌ಗಳನ್ನು ಕೂರಿಸಿದ. ಆದರೆ ಗಮನಿಸಿ: ಆ ಹುಡುಗರು ಪುಸ್ತಕವನ್ನು ಪೂರ್ತಿ ಓದಿ ಮೆಚ್ಚಿ ಕೂಗಿದ್ದರು. ನಾನು ಮೂವತ್ತೊಂದನೆಯ ಪುಟಕ್ಕೆ ಬರುವ ಮೊದಲೇ ಮೂವತ್ತು ಪುಟ ಕೆಂಪು ಮಾಡಿ ಮುಗಿಸಿದ್ದೆ.

ಯಾವುದು ಮೊದಲು?

ಪುರೋಹಿತರು ಸಂಕಲ್ಪ ಹೇಳುವುದನ್ನು ಕೇಳಿದ್ದೀರಿ. ಜಂಬೂದ್ವೀಪದಿಂದ ಹಿಡಿದು ಭರತಖಂಡಕ್ಕೆ ಬಂದು, ಇಳಿಯುತ್ತಾ ಇಳಿಯುತ್ತಾ ಕೊನೆಗೆ ಮನೆಯ ಯಜಮಾನನ ಗೋತ್ರ, ಹೆಸರಿನವರೆಗೆ ಬರುತ್ತಾರೆ. ಅಂಚೆಯ ವಿಳಾಸ ತಿರುಗಾಮುರುಗಾ: ಮೊದಲು ಹೆಸರು, ಆಮೇಲೆ ಮನೆ, ಬೀದಿ, ಊರು, ತಾಲ್ಲೂಕು, ಜಿಲ್ಲೆ. ಎರಡೂ ಸರಿಯೇ. ಆದರೆ ಅರ್ಧ ಸಂಕಲ್ಪ, ಅರ್ಧ ವಿಳಾಸ ಸೇರಿಸಿದರೆ ಕಾಗದ ಯಾರಿಗೂ ಮುಟ್ಟುವುದಿಲ್ಲ. ಮಕ್ಕಳು ಬರೆದ ಲೋಕಗಳಲ್ಲಿ ನಾನು ಕಾಣುವ ಮುಖ್ಯ ತೊಡಕು ಇದೇ. ಅವರಿಗೆ ಹೊಳೆದ ಕ್ರಮದಲ್ಲಿ ಬರೆದಿರುತ್ತಾರೆ. ಓದುವವನಿಗೆ ಬೇಕಾದ ಕ್ರಮ ಬೇರೆ.

ಆರ್. ಎಲ್. ಸ್ಟೀವನ್‌ಸನ್ 1881ರ ಬೇಸಿಗೆಯಲ್ಲಿ ಸ್ಕಾಟ್ಲೆಂಡಿನ ಬ್ರೀಮಾರ್‌ನಲ್ಲಿದ್ದಾಗ ಹೊರಗೆ ಮಳೆ. ಮನೆಯಲ್ಲಿದ್ದ ಹುಡುಗನೊಂದಿಗೆ ಬಣ್ಣದ ಪೆಟ್ಟಿಗೆ ಇಟ್ಟುಕೊಂಡು ಕುಳಿತು ಒಂದು ದ್ವೀಪದ ನಕ್ಷೆ ಬರೆದ. ‘ಟ್ರೆಷರ್ ಐಲೆಂಡ್’ ಹುಟ್ಟಿದ್ದು ಆ ನಕ್ಷೆಯಿಂದ. ಅಚ್ಚಿಗೆ ಕಳಿಸಿದಾಗ ಮೂಲ ನಕ್ಷೆಯೇ ಕಳೆದುಹೋಯಿತು. ಪುಸ್ತಕವನ್ನು ಸಾಲುಸಾಲಾಗಿ ಓದಿ, ಅದರಲ್ಲಿ ಹೇಳಿದ ದೂರ, ದಿಕ್ಕುಗಳಿಗೆಲ್ಲ ಹೊಂದುವಂತೆ ಇನ್ನೊಂದನ್ನು ಬರೆಯಬೇಕಾಯಿತು. ಎಷ್ಟು ಕಷ್ಟವಾಯಿತೆಂದು ಅವನೇ ಹೇಳಿಕೊಂಡಿದ್ದಾನೆ. ನಕ್ಷೆ ಮೊದಲು ಬರೆದರೆ ಸುಲಭ ಎಂದು ಇದರಿಂದ ಮಕ್ಕಳಿಗೆ ಹೇಳುತ್ತೇನೆ. ಮೊದಲು ಬರೆದದ್ದನ್ನು ಮೊದಲ ಪುಟದಲ್ಲೇ ಅಂಟಿಸಬೇಕೆಂದು ಅರ್ಥವಲ್ಲ.

ಟೋಲ್ಕಿನ್ ಕೂಡ ನಕ್ಷೆಯಿಂದಲೇ ಹೊರಟವನು. ‘ಲಾರ್ಡ್ ಆಫ್ ದ ರಿಂಗ್ಸ್’ ಬರೆಯುವಾಗ 1944ರಲ್ಲಿ, ತನ್ನ ಕಥೆಯ ಚಂದ್ರ ಒಂದು ಕಡೆ ಉದಯಿಸುತ್ತಿರುವಾಗಲೇ ಇನ್ನೊಂದು ಕಡೆ ಮುಳುಗುತ್ತಿರುವುದನ್ನು ಕಂಡು ಅಧ್ಯಾಯಗಳನ್ನೇ ತಿದ್ದಿದ. ಅಷ್ಟು ಶಿಸ್ತಿನವನು ರಾಜವಂಶಾವಳಿ, ಪಂಚಾಂಗ, ಲಿಪಿಗಳನ್ನು ಎಲ್ಲಿಟ್ಟ? 1955ರಲ್ಲಿ ಬಂದ ಮೂರನೆಯ ಸಂಪುಟದ ಕೊನೆಯಲ್ಲಿ, ಅನುಬಂಧಗಳಾಗಿ. ಆದರೆ ಮೊದಲ ಸಂಪುಟದ ಆರಂಭದಲ್ಲಿ ಹಾಬಿಟ್‌ಗಳ ಕುಲಗೋತ್ರ, ಅವರು ಸೇದುವ ತಂಬಾಕಿನ ಚರಿತ್ರೆ ಇರುವ ಪೀಠಿಕೆಯೊಂದನ್ನು ಬಿಟ್ಟೇಬಿಟ್ಟ. ಅಭಿಮಾನಿಗಳು ಕ್ಷಮಿಸಬೇಕು, ನಾನು ಮೊದಲ ಸಲ ಆ ತಂಬಾಕಿನಲ್ಲೇ ಸುಸ್ತಾಗಿ ಪುಸ್ತಕ ಮುಚ್ಚಿದ್ದೆ.

ನಕ್ಷೆ ಇರಲೇಬೇಕೆ ಎಂದು ಕೆಲವು ಮಕ್ಕಳು ಕೇಳುತ್ತಾರೆ. ಬೇಕಿಲ್ಲ. ಮೈಸೂರಿನಲ್ಲಿ ಬಾಳಿದ ಆರ್. ಕೆ. ನಾರಾಯಣ್ ಅವರು 1935ರ ‘ಸ್ವಾಮಿ ಅಂಡ್ ಫ್ರೆಂಡ್ಸ್’ನಲ್ಲಿ ಮಾಲ್ಗುಡಿಯನ್ನು ಕಟ್ಟಿದಾಗ ನಕ್ಷೆ ಹಿಡಿದು ತೋರಿಸಲಿಲ್ಲ. ಹುಡುಗನೊಬ್ಬ ಶಾಲೆಗೆ ಹೋಗುತ್ತಾನೆ, ಸರಯೂ ನದಿಯ ದಂಡೆಗೆ ಹೋಗುತ್ತಾನೆ. ಅವನ ಹಿಂದೆ ನಡೆದ ನಮಗೆ ಊರು ತಾನಾಗಿ ಪರಿಚಯವಾಗುತ್ತದೆ. ಶಂಕರ್ ನಾಗ್ ದೂರದರ್ಶನಕ್ಕಾಗಿ ಅದನ್ನು ಆಗುಂಬೆಯಲ್ಲಿ ಚಿತ್ರೀಕರಿಸಿದಾಗ, ಓದಿದವರಿಗೆ ‘ಹೌದು, ಇದೇ ಊರು’ ಅನ್ನಿಸಿತು. ಆಗುಂಬೆಯಲ್ಲಿ ಸರಯೂ ಇಲ್ಲ ಎಂದು ಯಾರೂ ತಕರಾರು ತೆಗೆಯಲಿಲ್ಲ.

ಕತ್ತರಿ ಮತ್ತು ಮೈದಾ ಅಂಟು

ಮುಂದಿನ ಜೂನ್‌ನಲ್ಲಿ ಆ ಹುಡುಗಿ ಹತ್ತನೆಯ ತರಗತಿಗೆ ಬಂದಳು. ಕರೆದು, ‘ಸಂಜೆಸೀಮೆ ಇನ್ನೊಂದು ಸಲ ಓದಬೇಕಮ್ಮ, ತರ್ತೀಯಾ?’ ಎಂದೆ. ‘ರದ್ದಿಗೆ ಹಾಕೋಕೆ ಇಟ್ಟಿದ್ದೀವಿ ಸಾರ್’ ಎಂದಳು. ನನಗೆ ಧಸಕ್ಕೆಂದಿತು. ಪುಣ್ಯಕ್ಕೆ ರದ್ದಿಯವನು ಆ ತಿಂಗಳು ಬಂದಿರಲಿಲ್ಲ.

ಈ ಸಲ ಪೆನ್ಸಿಲ್ ಹಿಡಿದೆ. ತಪ್ಪು ಬರೆಯಲಿಲ್ಲ. ಓದುತ್ತಾ ನಾನು ಎಲ್ಲೆಲ್ಲಿ ಹಿಂದಿನ ಪುಟಕ್ಕೆ ತಿರುಗಬೇಕಾಯಿತೋ ಅಲ್ಲೊಂದು ಸಣ್ಣ ಗೀಟು, ಎಲ್ಲಿ ಬೇಸರವಾಗಿ ಪುಟ ಹಾರಿಸಿದೆನೋ ಅಲ್ಲೊಂದು ಸೊನ್ನೆ, ಎಲ್ಲಿ ಊಟದ ಗಂಟೆ ಹೊಡೆದರೂ ಏಳಲಿಲ್ಲವೋ ಅಲ್ಲೊಂದು ನಕ್ಷತ್ರ. ಪಾಲಕರಿಗೆ ನಾನು ಕೊಡಬಲ್ಲ ಉಪಾಯ ಇದೊಂದೇ. ಇದಕ್ಕೆ ಸಾಹಿತ್ಯವೂ ಗೊತ್ತಿರಬೇಕಿಲ್ಲ, ವಿಜ್ಞಾನವೂ ಗೊತ್ತಿರಬೇಕಿಲ್ಲ. ಪ್ರಾಮಾಣಿಕವಾಗಿ ಓದಿದರೆ ಸಾಕು. ‘ಅಸ್ತವ್ಯಸ್ತ’ ಎಂದರೆ ಮಗುವಿಗೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. ‘ಏಳನೇ ಪುಟದಲ್ಲಿ ನಿದ್ದೆ ಎಂದರೆ ಏನೆಂದು ಗೊತ್ತಾಗದೆ ಹಿಂದಕ್ಕೆ ಹೋದೆ’ ಎಂದರೆ ತಿಳಿಯುತ್ತದೆ.

ಗೀಟುಗಳು ಮೊದಲ ಹತ್ತು ಪುಟಗಳಲ್ಲಿ ತುಂಬಿದ್ದವು. ರಾಜರ ಪಟ್ಟಿಗೆ ದೊಡ್ಡ ಸೊನ್ನೆ. ಅಜ್ಜಿಯ ಕಥೆಗೆ ಮೂರು ನಕ್ಷತ್ರ. ಅವಳು ನೋಡಿ ನಕ್ಕಳು. ವರ್ಷದ ನಂತರ ಮೊದಲ ಸಲ.

ಮೂಲ ಪುಸ್ತಕಕ್ಕೆ ಕತ್ತರಿ ಹಾಕುವುದು ಬೇಡವೆಂದು ನಲವತ್ತೂ ಪುಟ ಜೆರಾಕ್ಸ್ ಮಾಡಿಸಿ, ಲ್ಯಾಬಿನ ಮೇಜಿನ ಮೇಲೆ ತುಂಡು ತುಂಡಾಗಿ ಹರಡಿಕೊಂಡೆವು. ಮೈದಾ ಅಂಟು ಅವಳ ಗೆಳತಿಯರ ಜವಾಬ್ದಾರಿ. ದೊಡ್ಡ ತಲೆಬರಹಗಳು ನಾಲ್ಕೇ ಉಳಿದವು. ಚಟ್ನಿ ‘ಊಟ’ದ ಒಳಗೆ ಹೋಯಿತು, ‘ಊಟ’ ‘ಜನಜೀವನ’ದ ಒಳಗೆ. ನಕ್ಷೆಯಲ್ಲಿ ಐದು ಬಣ್ಣದ ಸ್ಕೆಚ್‌ಪೆನ್ನಿನಲ್ಲಿ ಊರುಗಳ ಹೆಸರು ಸುತ್ತಲೂ ತಿರುಗಿಸಿ ಬರೆದಿದ್ದಳು, ಓದಲು ತಲೆಯನ್ನೇ ತಿರುಗಿಸಬೇಕು. ಅದನ್ನು ಎರಡು ಬಣ್ಣಕ್ಕೆ ಇಳಿಸಿ, ಮೂಲೆಯಲ್ಲಿ ಸೂಚಿ ಹಾಕಿದೆವು. ಪ್ರಮಾಣ: 1 ಸೆಂ.ಮೀ.ಗೆ 3 ನಿದ್ದೆ. ಉತ್ತರ ದಿಕ್ಕಿನ ವಿಷಯ ಬಂದಾಗ ನನ್ನ ಮುಖ ಸಪ್ಪಗಾಯಿತು. ಬಾಣದ ಗುರುತು ಮೊದಲಿನಿಂದಲೂ ಅಲ್ಲಿತ್ತು, ‘ಬೆಳಕಿನ ಕಡೆ’ ಎಂದು ಬರೆದಿತ್ತು. ಸೂರ್ಯನೇ ಕದಲದ ನಾಡಿನಲ್ಲಿ ದಿಕ್ಕು ಹೇಳಲು ಅದಕ್ಕಿಂತ ಸರಿಯಾದದ್ದು ಬೇರೆ ಏನಿದೆ?

ಒಂದು ಕಡೆ ಮಾತ್ರ ನಮಗೆ ಜಗಳವಾಯಿತು. ಮೊದಲಿಗೆ ಗ್ರಹದ ವಿವರದ ಕೋಷ್ಟಕ ಇರಲಿ ಎಂದೆ ನಾನು: ಗಾತ್ರ, ಉಷ್ಣತೆ, ಒಂದೇ ಮುಖ ಸೂರ್ಯನಿಗೆ ಇತ್ಯಾದಿ. ಅವಳು ಅಜ್ಜಿಯ ಕಥೆಯೇ ಮೊದಲು ಎಂದು ಹಟ ಹಿಡಿದಳು. ‘ಕೋಷ್ಟಕ ಓದಿಬಿಟ್ರೆ ಎಲ್ಲಾರ್ಗೂ ಗೊತ್ತಾಗೋಗತ್ತೆ ಸಾರ್. ಆಮೇಲೆ ಅಜ್ಜಿ ಹೊರಟ್ರೆ ಯಾರಿಗೂ ಏನೂ ಅನ್ಸಲ್ಲ.’ ಉತ್ತರ ತೋಚಲಿಲ್ಲ. ಕ್ಲೆಮೆಂಟ್ ಮಾಡಿದ್ದೂ ಅದನ್ನೇ ಅಲ್ಲವೆ? ಕೋಷ್ಟಕ ಕಥೆಯ ಹಿಂದಕ್ಕೆ ಹೋಯಿತು.

ಗಾಳಿಯ ವಿಚಾರ ಮಾತ್ರ ನಾನು ಬಿಡಲಿಲ್ಲ. ಬಿಸಿಲ ಬದಿಯಲ್ಲಿ ಗಾಳಿ ಕಾದು ಮೇಲೇರುತ್ತದೆ, ಮೇಲೆಮೇಲೆಯೇ ಕತ್ತಲ ಬದಿಗೆ ಹೋಗಿ ತಣಿದು ಇಳಿಯುತ್ತದೆ, ನೆಲದ ಮಟ್ಟದಲ್ಲಿ ಕತ್ತಲಿನಿಂದ ಬೆಳಕಿನ ಕಡೆಗೆ ಹಿಂದಿರುಗುತ್ತದೆ. ಸುಮಾರಾಗಿ ಹೀಗೆಂದು ವಿವರಿಸಿದೆ. ಹಾಗಾದರೆ ಸಂಜೆಸೀಮೆಯಲ್ಲಿ ಗಾಳಿ ಸದಾ ಒಂದೇ ಕಡೆಯಿಂದ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಸೂರ್ಯ ಮುಳುಗೋದು ನೋಡ್ಬೇಕಾದ್ರೆ ಅಜ್ಜಿ ಕತ್ತಲ ಕಡೆಗೆ ತಾನೇ ನಡೀಬೇಕು? ಹಾಗಾದ್ರೆ ದಾರಿಯುದ್ದಕ್ಕೂ ಎದುರುಗಾಳಿ’ ಎಂದಳು. ಆ ಸಾಲು ಕಥೆಗೆ ಸೇರಿತು.

ಆಮೇಲೆ ನೂರಾ ಎಂಟು. ಗ್ರಹ ಭೂಮಿಯಷ್ಟೇ ದೊಡ್ಡದೆಂದು ಅವಳೇ ಬರೆದಿದ್ದಳು. ಭೂಮಿಯ ಮೇಲೆ 111 ಕಿಲೋಮೀಟರ್ ನಡೆದರೆ ಒಂದು ಡಿಗ್ರಿ. ಕೈ ಚಾಚಿ ಹಿಡಿದ ಮುಷ್ಟಿ ಆಕಾಶದಲ್ಲಿ ಸುಮಾರು ಹತ್ತು ಡಿಗ್ರಿ. ಅಂದರೆ ಒಂದು ಮುಷ್ಟಿ ಎತ್ತರದ ಸೂರ್ಯ ದಿಗಂತ ಮುಟ್ಟಲು ಅಜ್ಜಿ 1,110 ಕಿಲೋಮೀಟರ್ ನಡೆಯಬೇಕು. ಒಂದು ನಿದ್ದೆಗೆ ಇಪ್ಪತ್ತು ಕಿಲೋಮೀಟರ್ ಎಂದೆ. ‘ಅಜ್ಜಿ ಸಾರ್, ಹತ್ತು ಹಾಕಿ’ ಎಂದಳು. ಉತ್ತರ 111 ನಿದ್ದೆ. ನಾನು ‘ಸಾಧ್ಯವಿಲ್ಲ’ ಎಂದು ಕೆಂಪಗೆ ಬರೆದ ಜಾಗದಲ್ಲಿ ಮೂರೇ ನಿದ್ದೆಯ ವ್ಯತ್ಯಾಸ! ಲೆಕ್ಕ ಹಾಕಿ ಬರೆದಿದ್ದೆಯೇನಮ್ಮ ಎಂದು ಕೇಳಿದರೆ, ‘ಇಲ್ಲ ಸಾರ್, ಅಷ್ಟೋತ್ತರ ಅಂತ ಹಾಕಿದ್ದೆ.’

ಸಂಜೆಸೀಮೆ ಗೋಡೆಪತ್ರಿಕೆಯ ಇಡೀ ಹಲಗೆಯನ್ನು ಒಂದು ತಿಂಗಳು ಆಕ್ರಮಿಸಿತ್ತು. ರಾಜರ ಪಟ್ಟಿಯನ್ನು ಬಿಸಾಡಲು ಅವಳಿಗೆ ಮನಸ್ಸಾಗಲಿಲ್ಲ. ಅದನ್ನು ಪುಟ್ಟ ಪುಸ್ತಕ ಮಾಡಿ, ದಾರ ಕಟ್ಟಿ ಪಕ್ಕದ ಮೊಳೆಗೆ ತೂಗುಹಾಕಿದೆವು, ಜೊತೆಗೊಂದು ಪೆನ್ಸಿಲ್. ಅದನ್ನು ಯಾರೂ ಮುಟ್ಟುವುದಿಲ್ಲವೆಂದು ನಾನಂದುಕೊಂಡಿದ್ದೆ. ಎಂಟನೆಯ ತರಗತಿಯ ಹುಡುಗನೊಬ್ಬ ಪೂರ್ತಿ ಓದಿ, ಹನ್ನೊಂದನೆಯ ರಾಜನಿಗೆ ಎರಡು ಸಲ ಪಟ್ಟಾಭಿಷೇಕವಾಗಿದೆಯೆಂದು ಪತ್ತೆಹಚ್ಚಿ ಗೀಟು ಹಾಕಿದ. ಮರುದಿನ ನೋಡಿದರೆ ಅದರ ಪಕ್ಕದಲ್ಲಿ ಅವಳ ದುಂಡು ಅಕ್ಷರ: ‘ಮೊದಲನೇ ಸಲ ಮಳೆ ಬಂದು ಅರ್ಧಕ್ಕೇ ನಿಂತಿತ್ತು.’